ಬೆಂಕಿಯ ಬಳಿಯ ಓದು, ಬಾಗಿಲ ಬಳಿಯ ನೆರೆಯವನು: ಮೂರು ಚಳಿಗಾಲದ ಕಥೆಗಳ ಪರಾಮರ್ಶೆ

ಆಗಮನ ಕಾಲ ಸಮೀಪಿಸಿದಾಗ ಸಭಾಪಾಲಕನ ಮೇಜಿನ ಮೇಲೆ ಎರಡು ಬಗೆಯ ಪುಸ್ತಕಗಳು ಸೇರುತ್ತವೆ. ಪ್ರಸಂಗದ ಸಿದ್ಧತೆಗೆ ಬೇಕಾದ ವ್ಯಾಖ್ಯಾನ ಗ್ರಂಥಗಳು ಒಂದು ಕಡೆ; ಆರಾಧನೆಗಳೂ ಮನೆಭೇಟಿಗಳೂ ಮುಗಿದ ಮೇಲೆ ಮನಸ್ಸನ್ನು ಹಗುರಗೊಳಿಸುವ ಕಥೆಗಳು ಇನ್ನೊಂದು ಕಡೆ. ಎರಡನೆಯ ಗುಂಪನ್ನು ನಾವು ಸಾಮಾನ್ಯವಾಗಿ ವಿಮರ್ಶೆಗೆ ಒಳಪಡಿಸುವುದಿಲ್ಲ. ಅದು ವಿಶ್ರಾಂತಿಯ ಓದು, ದೈವಶಾಸ್ತ್ರದ ಓದಲ್ಲ ಎಂದುಕೊಳ್ಳುತ್ತೇವೆ. ಆದರೆ ಕ್ರಿಸ್ಮಸ್ ದಿನದ ಪ್ರಸಂಗದಿಂದ ಸಭೆಯ ನೆನಪಿನಲ್ಲಿ ಉಳಿಯುವುದು ಬಹಳ ಸಲ ವ್ಯಾಖ್ಯಾನದ ಮಾತಲ್ಲ, ಅದರ ನಡುವೆ ಹೇಳಿದ ಕಥೆ. ಜಿಪುಣ ಸ್ಕ್ರೂಜನ ಮಾನಸಾಂತರ, ಬೆಂಕಿಕಡ್ಡಿ ಮಾರುವ ಹುಡುಗಿಯ ಸಾವು, ಬೂಟು ಹೊಲಿಯುವ ಮಾರ್ಟಿನನ ಕಿಟಕಿ: ಈ ಮೂರು ಕಥೆಗಳು ಎಷ್ಟು ವೇದಿಕೆಗಳಿಂದ ಕೇಳಿಬಂದಿವೆಯೋ ಲೆಕ್ಕವಿಲ್ಲ. ಸಭೆಗೆ ಉಣಬಡಿಸುವ ಆಹಾರವನ್ನು ಪರೀಕ್ಷಿಸದೆ ಬಡಿಸುವುದು ಸಭಾಪಾಲನೆಯಲ್ಲ. ಆದುದರಿಂದ ಹಿತದ ಓದು ಎನಿಸಿಕೊಂಡ ಈ ಮೂರನ್ನು ಇಲ್ಲಿ ನಿಧಾನವಾಗಿ ಓದಿ ನೋಡುತ್ತೇವೆ.

ಋತುವಿನ ಓದು

ಈ ಬಗೆಯ ಓದು ಉತ್ತರ ಯುರೋಪಿನ ಹವಾಮಾನದ ಕೂಸು. ಡಿಸೆಂಬರಿನ ಲಂಡನ್ನಿನಲ್ಲಿ ಸಂಜೆ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಕೆಲಸ ನಿಂತು, ಮನೆಮಂದಿಯೆಲ್ಲ ಅಗ್ಗಿಷ್ಟಿಕೆಯ ಸುತ್ತ ಕೂತು, ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವ ರೂಢಿ ಅಲ್ಲಿ ಬೆಳೆಯಿತು. ಚಾರ್ಲ್ಸ್ ಡಿಕನ್ಸ್ 1843ರಿಂದ 1848ರ ನಡುವೆ ಐದು ಕ್ರಿಸ್ಮಸ್ ಪುಸ್ತಕಗಳನ್ನು ಬರೆದದ್ದು ಈ ರೂಢಿಯನ್ನು ನಂಬಿಯೇ. ಐಸ್‌ಲ್ಯಾಂಡಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಪುಸ್ತಕಗಳನ್ನು ಉಡುಗೊರೆಯಾಗಿ ಕೊಟ್ಟು ಆ ರಾತ್ರಿಯೇ ಓದಲು ಕುಳಿತುಕೊಳ್ಳುವ ಪದ್ಧತಿ ಇಂದಿಗೂ ಇದೆ. ನಮ್ಮ ಕರಾವಳಿಯ ಸಭೆಗಳಲ್ಲಿ ಡಿಸೆಂಬರ್ ಅಂಥ ಚಳಿಯ ತಿಂಗಳಲ್ಲ. ಆದರೂ ಕ್ರಿಸ್ಮಸ್ ಗಿಡದ ಮೇಲೆ ಹತ್ತಿಯ ಹಿಮ ಬೀಳುತ್ತದೆ. ಫ್ಯಾನಿನ ಕೆಳಗೆ ಕುಳಿತು ನಾವು ಹಿಮದ ಕಥೆಗಳನ್ನು ಓದುತ್ತೇವೆ. ಇದನ್ನು ಹಾಸ್ಯಮಾಡಬೇಕಾಗಿಲ್ಲ. ಆ ಹಿಮದ ಜೊತೆಗೆ ನಾವು ಏನನ್ನು ತಂದುಕೊಂಡಿದ್ದೇವೆ ಎಂಬುದನ್ನು ಮಾತ್ರ ತಿಳಿದಿರಬೇಕು.

ಹಿತದ ಚಿತ್ರಕ್ಕೆ ಬೆಂಕಿ ಬೇಕು, ಗೋಡೆ ಬೇಕು, ಗೋಡೆಯಾಚೆ ಚಳಿ ಬೇಕು. ಹೊರಗಿನ ಚಳಿಯಿಲ್ಲದೆ ಒಳಗಿನ ಬೆಚ್ಚನೆಗೆ ರುಚಿಯಿಲ್ಲ. ಆದರೆ ಹೊರಗೆ ಚಳಿ ಮಾತ್ರ ಇರುವುದಿಲ್ಲ, ಚಳಿಯಲ್ಲಿ ಯಾರೋ ನಿಂತಿರುತ್ತಾರೆ. ಕಥೆ ಅವರನ್ನು ಏನು ಮಾಡುತ್ತದೆ? ನಮ್ಮ ಸುಖಕ್ಕೆ ಹಿನ್ನೆಲೆಯಾಗಿ ಬಳಸಿಕೊಳ್ಳುತ್ತದೆಯೋ, ಅವರಿಗಾಗಿ ಬಾಗಿಲನ್ನು ತೆರೆಯುತ್ತದೆಯೋ? ಚಳಿಗಾಲದ ಓದನ್ನು ಅಳೆಯಲು ದೈವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ತಕ್ಕ ಪ್ರಶ್ನೆ ಇನ್ನೊಂದಿಲ್ಲ.

ಡಿಕನ್ಸ್: ಓದುತ್ತಿದ್ದ ಹುಡುಗ, ಹಾಡುತ್ತಿದ್ದ ಹುಡುಗ

'ಎ ಕ್ರಿಸ್ಮಸ್ ಕ್ಯಾರಲ್' 1843ರ ಡಿಸೆಂಬರ್ 19ರಂದು ಪ್ರಕಟವಾಯಿತು. ಮೊದಲ ಮುದ್ರಣದ 6000 ಪ್ರತಿಗಳು ಕ್ರಿಸ್ಮಸ್ ಹಬ್ಬದೊಳಗೆ ಮಾರಾಟವಾದವು. ಇದರ ಮೂಲ ಹಿತದಲ್ಲಿರಲಿಲ್ಲ. ಗಣಿಗಳಲ್ಲೂ ಕಾರ್ಖಾನೆಗಳಲ್ಲೂ ದುಡಿಯುವ ಮಕ್ಕಳ ಸ್ಥಿತಿಯನ್ನು ಕುರಿತ ಸರ್ಕಾರಿ ಆಯೋಗದ ವರದಿಯನ್ನು ಅದೇ ವರ್ಷ ಓದಿದ ಡಿಕನ್ಸ್, ಬಡವರ ಮಕ್ಕಳ ಪರವಾಗಿ ಒಂದು ಕಿರುಹೊತ್ತಗೆ ಬರೆಯಲು ಮೊದಲು ನಿಶ್ಚಯಿಸಿದ್ದನು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನಿನ ಬಡಮಕ್ಕಳ ಶಾಲೆಯನ್ನು ಕಣ್ಣಾರೆ ಕಂಡನು. ಕೊನೆಗೆ ಕಿರುಹೊತ್ತಗೆಯ ಬದಲು ಕಥೆಯೊಂದು ಹೊರಬಂತು.

ಈ ಕಥೆಯಲ್ಲಿ ನಾವು ಮರೆತುಬಿಡುವ ಒಂದು ದೃಶ್ಯವಿದೆ. ಗತಕಾಲದ ಆತ್ಮವು ಸ್ಕ್ರೂಜನನ್ನು ಅವನ ಬಾಲ್ಯದ ಶಾಲೆಗೆ ಕರೆದೊಯ್ಯುತ್ತದೆ. ಉಳಿದ ಹುಡುಗರೆಲ್ಲ ಹಬ್ಬಕ್ಕೆ ಮನೆಗೆ ಹೋಗಿದ್ದಾರೆ. ಒಬ್ಬನೇ ಹುಡುಗ ಮಂಕಾದ ಬೆಂಕಿಯ ಮುಂದೆ ಪುಸ್ತಕ ಓದುತ್ತ ಕುಳಿತಿದ್ದಾನೆ. ಅವನಿಗೆ ಜೊತೆಯಾಗಿರುವವರು ಆಲಿಬಾಬಾ ಮತ್ತು ರಾಬಿನ್ಸನ್ ಕ್ರೂಸೋ. ಚಳಿಗಾಲದ ಹಬ್ಬದ ಓದು ಎಂದರೆ ಇದೇ. ಆದರೆ ಇಲ್ಲಿ ಅದು ಸುಖಿಯ ವಿಲಾಸವಲ್ಲ, ಯಾರಿಗೂ ಬೇಡವಾದ ಮಗುವಿನ ಆಸರೆ. ಮುದಿ ಸ್ಕ್ರೂಜ್ ಇದನ್ನು ಕಂಡು ಅಳುತ್ತಾನೆ. ಅತ್ತ ಮೇಲೆ ಅವನು ಆಡುವ ಮೊದಲ ಮಾತೇನು? ಹಿಂದಿನ ರಾತ್ರಿ ತನ್ನ ಬಾಗಿಲಿಗೆ ಬಂದು ಕ್ರಿಸ್ಮಸ್ ಗೀತೆ ಹಾಡಿದ ಹುಡುಗನೊಬ್ಬನಿದ್ದನು, ಅವನಿಗೆ ಏನಾದರೂ ಕೊಡಬೇಕಿತ್ತು ಎಂಬುದು. ಆ ಹುಡುಗನನ್ನು ಸ್ಕ್ರೂಜ್ ಹೆದರಿಸಿ ಓಡಿಸಿದ್ದನು.

ನಮ್ಮ ದೃಷ್ಟಿಯಲ್ಲಿ ಸ್ಕ್ರೂಜನ ಮಾನಸಾಂತರ ಆರಂಭವಾಗುವುದು ಕೊನೆಯ ಸಮಾಧಿಯ ಭಯದಲ್ಲಲ್ಲ, ಇಲ್ಲಿ. ಓದುತ್ತ ಕುಳಿತ ಹುಡುಗನ ನೆನಪು ಬಾಗಿಲಲ್ಲಿ ನಿಂತ ಹುಡುಗನ ಮುಖವನ್ನು ತೋರಿಸಿತು. ಈ ಆತ್ಮಗಳನ್ನು ಸ್ಕ್ರೂಜ್ ಬೇಡಿಕೊಂಡಿರಲಿಲ್ಲ, ಅವು ತಾವಾಗಿ ಬಂದವು ಎಂಬುದನ್ನೂ ಗಮನಿಸಬೇಕು. ಬೇಡುವ ಮೊದಲೇ ಬರುವ ಕೃಪೆಯ ನೆರಳು ಅಲ್ಲಿದೆ.

ಕ್ರಿಸ್ತನ ಹೆಸರಿಲ್ಲದ ಕ್ರಿಸ್ಮಸ್ ಎಂದು ಈ ಕಥೆಯನ್ನು ದೂರುವವರಿದ್ದಾರೆ. ಗೋದಲಿಯ ದೃಶ್ಯ ಇಲ್ಲಿಲ್ಲ ಎಂಬುದು ನಿಜ. ಸ್ಕ್ರೂಜ್ ಹಬ್ಬದ ದಿನ ದೇವಾಲಯಕ್ಕೆ ಹೋದದ್ದೂ ಹೋಗುಬರುವ ಮಾತಿನಲ್ಲಿ ಮುಗಿಯುತ್ತದೆ. ಆದರೆ ದೂರು ಪೂರ್ತಿ ಸರಿಯಲ್ಲ. ಕುಂಟ ಬಾಲಕ ಟಿಮ್ ದೇವಾಲಯದಿಂದ ಬರುತ್ತ ತಂದೆಗೆ ಹೇಳುವ ಮಾತಿನಲ್ಲಿ, ಕುಂಟರನ್ನು ನಡೆಸಿ ಕುರುಡರಿಗೆ ದೃಷ್ಟಿ ಕೊಟ್ಟವನ ಸ್ಮರಣೆಯಿದೆ. ನಾಲ್ಕನೆಯ ಭಾಗದಲ್ಲಿ, ಟಿಮ್ ತೀರಿಹೋದ ಮನೆಯ ಮೌನದಲ್ಲಿ, ಯೇಸು ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ ಮಾತು ಸ್ಕ್ರೂಜನ ಕಿವಿಗೆ ಬೀಳುತ್ತದೆ. ಅದು ಮಾರ್ಕನ ಸುವಾರ್ತೆಯ ಮಾತು. ಆ ಮನೆಯ ಹುಡುಗ ಗಟ್ಟಿಯಾಗಿ ಓದಿರಬೇಕು ಎಂದು ನಿರೂಪಕನು ಊಹಿಸುತ್ತಾನೆ. ಹೀಗೆ ಈ ಪುಸ್ತಕದಲ್ಲಿ ಓದಿನ ದೃಶ್ಯಗಳು ಎರಡು. ಒಂದರಲ್ಲಿ ಒಂಟಿ ಮಗು ಕಥೆ ಓದುತ್ತದೆ. ಇನ್ನೊಂದರಲ್ಲಿ ಶೋಕದ ಮನೆ ಸುವಾರ್ತೆ ಓದುತ್ತದೆ. ಎರಡೂ ಕಡೆ ಬೆಂಕಿ ದೊಡ್ಡದಲ್ಲ.

ಕಥೆಯ ನಿಜವಾದ ಕೊರತೆ ಬೇರೆಯದು. ಸ್ಕ್ರೂಜನ ಸಾವಿನಿಂದ ಬಿಡುಗಡೆಯ ಉಸಿರು ಬಿಡುವ ಸಾಲಗಾರ ದಂಪತಿಗಳನ್ನು ಡಿಕನ್ಸ್ ನಾಲ್ಕನೆಯ ಭಾಗದಲ್ಲಿ ತೋರಿಸುತ್ತಾನೆ. ಸ್ಕ್ರೂಜ್ ಹೊಸ ಮನುಷ್ಯನಾಗಿ ಎದ್ದ ಮೇಲೆ ಅವರ ಸಾಲ ಏನಾಯಿತೆಂದು ಕಥೆ ಹೇಳುವುದಿಲ್ಲ. ಲೂಕನ ಜಕ್ಕಾಯನು ಬಡವರಿಗೆ ಅರ್ಧ ಆಸ್ತಿ ಕೊಡುವುದರ ಜೊತೆಗೆ, ಅನ್ಯಾಯವಾಗಿ ಕಸಿದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದನು. ದಾನಕ್ಕೂ ನ್ಯಾಯಕ್ಕೂ ಇರುವ ಅಂತರ ಅಲ್ಲಿದೆ. ಸ್ಕ್ರೂಜ್ ದಾನದಲ್ಲಿ ಹಿಂದಿನ ಬಾಕಿಯನ್ನೂ ಸೇರಿಸುತ್ತಾನೆ, ಗುಮಾಸ್ತನ ಸಂಬಳ ಏರಿಸುತ್ತಾನೆ. ಆದರೆ ಅವನ ಲೆಕ್ಕದ ಪುಸ್ತಕ ಓದುಗನ ಮುಂದೆ ತೆರೆಯುವುದಿಲ್ಲ.

ಇನ್ನೊಂದು ಸಂಗತಿ. ಪುಸ್ತಕದ ಬೆಲೆ ಐದು ಶಿಲಿಂಗ್. ಗುಮಾಸ್ತ ಬಾಬ್ ಕ್ರ್ಯಾಚಿಟನ ವಾರದ ಸಂಬಳ ಕಥೆಯ ಪ್ರಕಾರ ಹದಿನೈದು ಶಿಲಿಂಗ್. ತನ್ನ ಮನೆಯ ಕಥೆಯನ್ನು ಓದಲು ಬಾಬ್ ವಾರದ ಸಂಬಳದ ಮೂರನೆಯ ಒಂದು ಪಾಲನ್ನು ತೆರಬೇಕಿತ್ತು! ಈ ವಿರೋಧವನ್ನು ಲೇಖಕನು ಅರಿಯದವನಲ್ಲ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಈ ಕಥೆಯನ್ನು ಮೊದಲ ಸಲ ಸಾರ್ವಜನಿಕವಾಗಿ ಓದಿದಾಗ, ದುಡಿಯುವ ಜನರಿಗಾಗಿ ಕಡಿಮೆ ದರದ ಒಂದು ಓದು ನಡೆಯಲೇಬೇಕೆಂದು ಅವನು ಪಟ್ಟುಹಿಡಿದನು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಯುಕ್ತ. ಹಲವು ವರ್ಷಗಳ ಹಿಂದೆ ಸಭೆಯೊಂದರ ಕ್ರಿಸ್ಮಸ್ ಸಂಜೆಗೆ ಈ ಕಥೆಯನ್ನು ಸಂಗ್ರಹಿಸಿ ಓದುವ ಹೊಣೆ ನಮಗೆ ಬಂದಿತ್ತು. ವರ್ತಮಾನದ ಆತ್ಮವು ತನ್ನ ನಿಲುವಂಗಿಯ ಅಂಚಿನಡಿಯಿಂದ ಹೊರತೆಗೆದು ತೋರಿಸುವ ಇಬ್ಬರು ಬಡಕಲು ಮಕ್ಕಳನ್ನು, ಅಂದರೆ ಅಜ್ಞಾನವೆಂಬ ಹುಡುಗನನ್ನೂ ಕೊರತೆಯೆಂಬ ಹುಡುಗಿಯನ್ನೂ, ನಾವು ಬಿಟ್ಟುಬಿಟ್ಟೆವು. ಮಕ್ಕಳು ಹೆದರಿಯಾರು, ಹಬ್ಬದ ಸಂಭ್ರಮ ಕೆಟ್ಟೀತು ಎಂಬುದು ನಮ್ಮ ಸಮಜಾಯಿಷಿ. ಓದು ಮುಗಿದ ಮೇಲೆ ಹಿರಿಯರೊಬ್ಬರು ಕೈಹಿಡಿದು, ಬಹಳ ಹಿತವಾಗಿತ್ತು ಎಂದರು. ಆ ಹೊಗಳಿಕೆ ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಡಿಕನ್ಸ್ ಯಾವ ಮಕ್ಕಳಿಗಾಗಿ ಪುಸ್ತಕ ಬರೆದನೋ ಅವರನ್ನೇ ಹೊರಗೆ ನಿಲ್ಲಿಸಿ ನಾವು ಬಾಗಿಲು ಹಾಕಿಕೊಂಡಿದ್ದೆವು.

ಆಂಡರ್ಸನ್: ಗೋಡೆಯ ಹೊರಗಿನಿಂದ

ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನನ ಬೆಂಕಿಕಡ್ಡಿ ಹುಡುಗಿಯ ಕಥೆ ಡೇನಿಷ್ ಭಾಷೆಯಲ್ಲಿ 1845ರಲ್ಲಿ ಪ್ರಕಟವಾಯಿತು. ಡಿಕನ್ಸ್ ಒಳಗಿನಿಂದ ಹೊರಕ್ಕೆ ನೋಡಿದರೆ ಆಂಡರ್ಸನ್ ಹೊರಗಿನಿಂದ ಒಳಕ್ಕೆ ನೋಡುತ್ತಾನೆ. ವರ್ಷದ ಕೊನೆಯ ಸಂಜೆ; ಬರಿಗಾಲಿನ ಹುಡುಗಿ; ಒಂದು ಕಡ್ಡಿಯೂ ಮಾರಾಟವಾಗಿಲ್ಲ; ಬರಿಗೈಯಲ್ಲಿ ಮನೆಗೆ ಹೋದರೆ ತಂದೆಯ ಹೊಡೆತ. ಎರಡು ಮನೆಗಳ ನಡುವಿನ ಮೂಲೆಯಲ್ಲಿ ಕುಳಿತು ಅವಳು ಕಡ್ಡಿ ಗೀರುತ್ತಾಳೆ. ಆ ಬೆಳಕಿನಲ್ಲಿ ಕಾಣುವುದು ಕಾದ ಒಲೆ, ಹಬ್ಬದ ಊಟ, ದೀಪಗಳ ಕ್ರಿಸ್ಮಸ್ ಮರ. ಹಿತದ ಓದಿನ ಸಾಮಗ್ರಿಗಳೆಲ್ಲ ಇಲ್ಲಿವೆ. ಆದರೆ ಗೋಡೆ ಅವಳ ಬೆನ್ನಿಗೆ ತಾಗಿಕೊಂಡಿದ್ದು, ಕಡ್ಡಿ ಆರಿದೊಡನೆ ಅವಳಿಗೆ ಉಳಿಯುವುದು ಆ ಗೋಡೆ ಮಾತ್ರ. ಬೆಚ್ಚಗಿನ ಕೋಣೆ ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕಥೆ ವಿರಳ.

ಕೊನೆಗೆ ಅಜ್ಜಿ ಕಾಣಿಸಿಕೊಂಡು ಹುಡುಗಿಯನ್ನು ದೇವರ ಬಳಿಗೆ ಕರೆದೊಯ್ಯುತ್ತಾಳೆ. ಬೆಳಗ್ಗೆ ಹೆಣ ಕಂಡ ಜನ, ಪಾಪ, ಚಳಿ ಕಾಯಿಸಿಕೊಳ್ಳಲು ನೋಡಿದ್ದಾಳೆ ಎಂದುಕೊಳ್ಳುತ್ತಾರೆ. ಅವಳು ಕಂಡ ಚೆಲುವು ಅವರಿಗೆ ತಿಳಿಯದು. ಇಲ್ಲಿ ಪ್ರಸಂಗಿಯು ಬಹಳ ಎಚ್ಚರವಾಗಿರಬೇಕು. ಮರಣದಾಚೆಗಿನ ನಿರೀಕ್ಷೆ ನಮ್ಮ ನಂಬಿಕೆಯ ಹೃದಯ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪುನರುತ್ಥಾನವು ಸತ್ತವಳಿಗೆ ದೇವರು ಕೊಟ್ಟ ಉತ್ತರವೇ ಹೊರತು, ಅವಳನ್ನು ಸಾಯಬಿಟ್ಟವರಿಗೆ ಸಿಕ್ಕ ಸಮಾಧಾನವಲ್ಲ. ಈ ಕಥೆ ಕೇಳಿದ ಸಭೆ ಕಣ್ಣೊರೆಸಿಕೊಂಡು, ಹೇಗೂ ಪರಲೋಕ ಸೇರಿದಳಲ್ಲ ಎಂದು ನಿಶ್ಚಿಂತೆಯಿಂದ ಊಟಕ್ಕೆ ಹೊರಟರೆ, ನಾವು ಸುವಾರ್ತೆಯಿಂದಲೇ ಬಾಗಿಲಿಗೆ ಅಗುಳಿ ಹಾಕಿದಂತಾಯಿತು. ಆಂಡರ್ಸನ್ ಅಂಥ ಓದಿಗೆ ಎಡೆಕೊಟ್ಟಿದ್ದಾನೆ ಎಂಬುದು ನಮ್ಮ ಆಕ್ಷೇಪ. ಆದರೆ ಆ ಬೆಳಗಿನ ಜನರ ಗುಂಪಿನಲ್ಲಿ ನಮ್ಮನ್ನೂ ನಿಲ್ಲಿಸಿದ್ದಾನೆ ಎಂಬುದು ಅವನ ಸತ್ಯಸಂಧತೆ. ಹಿಂದಿನ ಸಂಜೆ ಆ ಬೀದಿಯಲ್ಲಿ ನಡೆದುಹೋದವರೂ ಅವರಂಥವರೇ ಅಲ್ಲವೇ?

ಟಾಲ್‌ಸ್ಟಾಯ್: ಸುವಾರ್ತೆ ಓದಿದವನ ಕಿಟಕಿ

ಮೂರನೆಯ ಕಥೆಯಲ್ಲಿ ಓದೇ ವಸ್ತು. ಪ್ರೀತಿಯಿರುವಲ್ಲಿ ದೇವರಿದ್ದಾನೆ ಎಂಬ ಅರ್ಥದ ಹೆಸರಿನಿಂದ ಟಾಲ್‌ಸ್ಟಾಯ್ 1885ರಲ್ಲಿ ಪ್ರಕಟಿಸಿದ ಈ ಕಥೆಯ ಮೂಲ ಫ್ರೆಂಚ್ ಸಭಾಪಾಲಕ ರೂಬೆನ್ ಸಾಯೆನ್ಸನದು. ಸಾಯೆನ್ಸನ ಕಥೆ ನಡೆಯುವುದು ಕ್ರಿಸ್ಮಸ್ ಹೊತ್ತಿನಲ್ಲಿ. ಟಾಲ್‌ಸ್ಟಾಯ್ ಹಬ್ಬವನ್ನು ಬಿಟ್ಟು ಚಳಿಗಾಲವನ್ನು ಮಾತ್ರ ಉಳಿಸಿಕೊಂಡನು.

ಮಾರ್ಟಿನ್ ನೆಲಮಾಳಿಗೆಯ ಕೋಣೆಯಲ್ಲಿ ಬೂಟು ಹೊಲಿಯುತ್ತಾನೆ. ಅವನ ಒಂದೇ ಕಿಟಕಿಯಿಂದ ದಾರಿಹೋಕರ ಪಾದಗಳು ಮಾತ್ರ ಕಾಣುತ್ತವೆ; ಬೂಟು ನೋಡಿ ಮನುಷ್ಯನನ್ನು ಗುರುತಿಸುತ್ತಾನೆ. ಹೆಂಡತಿ ತೀರಿಹೋದಳು, ಉಳಿದಿದ್ದ ಒಬ್ಬ ಮಗನೂ ತೀರಿಹೋದನು. ದೇವರ ಮೇಲೆ ಮುನಿದಿದ್ದವನು ಒಬ್ಬ ಮುದುಕನ ಮಾತು ಕೇಳಿ ದೊಡ್ಡ ಅಕ್ಷರದ ಹೊಸ ಒಡಂಬಡಿಕೆ ಕೊಂಡು ತಂದನು. ಹಬ್ಬದ ದಿನಗಳಲ್ಲಿ ಮಾತ್ರ ಓದೋಣವೆಂದುಕೊಂಡವನು ದಿನವೂ ದೀಪದ ಎಣ್ಣೆ ತೀರುವ ತನಕ ಓದತೊಡಗಿದನು. ಒಂದು ರಾತ್ರಿ ಲೂಕನ ಸುವಾರ್ತೆಯಲ್ಲಿ, ಯೇಸುವನ್ನು ಊಟಕ್ಕೆ ಕರೆದು ಕಾಲಿಗೆ ನೀರು ಸಹ ಕೊಡದ ಫರಿಸಾಯನ ಸಂಗತಿಯನ್ನು ಓದಿದನು. ಆ ಫರಿಸಾಯನು ನಾನೇ ಅಲ್ಲವೇ ಎಂದು ಯೋಚಿಸುತ್ತ ನಿದ್ರೆಹೋದನು. ನಾಳೆ ಬೀದಿಯ ಕಡೆ ನೋಡು, ನಾನು ಬರುತ್ತೇನೆ ಎಂಬ ಸ್ವರ ಕೇಳಿಸಿತು.

ಮರುದಿನ ಬಂದವರು ಹಿಮ ಗುಡಿಸುವ ಮುದುಕ, ಚಳಿಗಾಲದಲ್ಲಿ ಬೇಸಗೆಯ ಬಟ್ಟೆ ತೊಟ್ಟ ಬಾಣಂತಿ, ಸೇಬು ಮಾರುವ ಮುದುಕಿ ಮತ್ತು ಕದ್ದ ಹುಡುಗ. ಮಾರ್ಟಿನ್ ಒಬ್ಬನಿಗೆ ಚಹಾ, ಒಬ್ಬಳಿಗೆ ಬಿಸಿ ಸಾರು, ಹಳೆಯ ಅಂಗಿ, ಒತ್ತೆಯಿಟ್ಟ ಶಾಲನ್ನು ಬಿಡಿಸಲು ಕಾಸು ಕೊಡುತ್ತಾನೆ. ಕೊನೆಯ ಇಬ್ಬರ ಜಗಳ ಬಿಡಿಸುತ್ತಾನೆ. ಬಂದವರು ಯಾರೆಂದು ಅವನಿಗೆ ತಿಳಿಯುವುದು ರಾತ್ರಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ತಾನಾಗಿ ತೆರೆದುಕೊಂಡಾಗ.

ಬೆಂಕಿಯೂ ದೀಪವೂ ಪುಸ್ತಕವೂ ಇಲ್ಲಿವೆ. ಆದರೆ ಈ ಓದುಗನು ಪುಸ್ತಕ ಮುಚ್ಚಿದ ಮೇಲೆ ಕಿಟಕಿಯ ಕಡೆಗೆ ತಿರುಗುತ್ತಾನೆ. ಹಿಂದೆ ಪಾದರಕ್ಷೆ ಕಾಣುತ್ತಿದ್ದವನು ಈಗ ಬಗ್ಗಿ ಮುಖ ನೋಡುತ್ತಾನೆ. ಆ ದಿನ ಅವನ ಕೆಲಸ ಸಾಗಲಿಲ್ಲ. ಓದಿಗೆ ಅವನು ತೆತ್ತ ಬೆಲೆ ಅದು.

ವಿದ್ಯಾರ್ಥಿಗಳು ಒಂದು ಎಚ್ಚರವನ್ನು ಮರೆಯಬಾರದು. ಟಾಲ್‌ಸ್ಟಾಯ್ ಕ್ರಿಸ್ತನ ದೈವತ್ವವನ್ನು ಒಪ್ಪಲಿಲ್ಲ. 1901ರಲ್ಲಿ ರಷ್ಯದ ಆರ್ಥಡಾಕ್ಸ್ ಸಭೆಯ ಪವಿತ್ರ ಸಿನೋಡ್ ಅವನನ್ನು ಸಭೆಯಿಂದ ಹೊರಗಿನವನೆಂದು ಸಾರಿತು. ನೆರೆಯವನೇ ಕ್ರಿಸ್ತನು, ಬೇರೆ ಕ್ರಿಸ್ತನಿಲ್ಲ ಎಂಬ ಕಡೆಗೆ ಈ ಕಥೆಯನ್ನು ಎಳೆಯಲು ಸಾಧ್ಯ. ಮತ್ತಾಯನು ಹಾಗೆ ಹೇಳುವುದಿಲ್ಲ. ಸಿಂಹಾಸನದಲ್ಲಿ ಕುಳಿತ ಅರಸನು ತನ್ನ ಅಲ್ಪರಾದ ಸಹೋದರರಲ್ಲಿ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ಅವರಲ್ಲಿ ಕರಗಿ ಇಲ್ಲವಾಗುವುದಿಲ್ಲ. ನ್ಯಾಯಾಧಿಪತಿಯೇ ಹಸಿದವನಾಗಿ ಬಂದನು ಎಂಬುದರಲ್ಲಿ ಆ ವಾಕ್ಯದ ಭಾರವಿದೆ. ಅವನು ಕರ್ತನಲ್ಲವಾದರೆ ಬಾಗಿಲು ತಟ್ಟುವವನ ಕೈಯಲ್ಲಿ ನಮ್ಮ ತೀರ್ಪು ಇರುವುದಿಲ್ಲ.

ತುಂಬಿದ ಮನೆ

ಹಾಗಾದರೆ ಬೆಚ್ಚನೆಯೇ ಪಾಪವೇ? ಕಥೆ ಓದಿ ನೆಮ್ಮದಿ ಪಡುವುದು ಅಪರಾಧವೇ? ಅಲ್ಲ. ಡೀಟ್ರಿಕ್ ಬಾನ್‌ಹಾಫರ್ 1943ರ ಕ್ರಿಸ್ಮಸನ್ನು ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಕಳೆದನು. ಜೊತೆಯ ಕೈದಿಗಳಿಗಾಗಿ ಆತ ಪ್ರಾರ್ಥನೆಗಳನ್ನು ಬರೆದುಕೊಟ್ಟನು. ಅದೇ ಸೆರೆವಾಸದಲ್ಲಿ ಆಡಾಲ್ಬರ್ಟ್ ಸ್ಟಿಫ್ಟರನ ನಿಧಾನಗತಿಯ, ಶಾಂತ ಸ್ವಭಾವದ ಬರಹವನ್ನು ಪ್ರೀತಿಯಿಂದ ಓದಿದನು. ಹಿತದ ಓದನ್ನೂ ಪರರ ಭಾರವನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಳ್ಳಬಹುದೆಂಬುದಕ್ಕೆ ಅದು ಸಾಕ್ಷಿ.

ಲೂಕನ 2:7ನ್ನು ಗಮನವಿಟ್ಟು ಓದಿದರೆ ಇನ್ನೊಂದು ಬೆಳಕು ಸಿಗುತ್ತದೆ. ನಮ್ಮ ಭಾಷಾಂತರದಲ್ಲಿ ಛತ್ರವೆಂದಿರುವ ಕಡೆ ಗ್ರೀಕ್ ಮೂಲದಲ್ಲಿರುವ ಪದ ಕಟಾಲುಮ. ಕಡೇ ಭೋಜನದ ಕೋಣೆಗೂ ಲೂಕನು 22:11ರಲ್ಲಿ ಇದೇ ಪದವನ್ನು ಬಳಸುತ್ತಾನೆ. ದಯಾಳುವಾದ ಸಮಾರ್ಯದವನ ಸಾಮ್ಯದಲ್ಲಿ ನಿಜವಾದ ಛತ್ರ ಬಂದಾಗ ಅವನು ಬಳಸುವ ಪದ ಬೇರೆ: ಪಾಂಡೊಖೆಯೊನ್. ಆದುದರಿಂದ ಬೇತ್ಲೆಹೇಮಿನಲ್ಲಿ ತುಂಬಿದ್ದು ಯಾವುದೋ ಮನೆಯ ಅತಿಥಿಗಳ ಕೋಣೆಯೆಂದೂ, ದನಗಳನ್ನು ಕಟ್ಟುವ ಭಾಗದಲ್ಲಿ ಆ ಕುಟುಂಬಕ್ಕೆ ಎಡೆ ಸಿಕ್ಕಿತೆಂದೂ ಕೆನೆತ್ ಬೇಯ್ಲಿ ಮುಂತಾದ ವಿದ್ವಾಂಸರು ವಾದಿಸಿದ್ದಾರೆ. ನಮ್ಮ ನಾಟಕಗಳಲ್ಲಿ ಬಾಗಿಲು ಮುಚ್ಚುವ ಕ್ರೂರ ಛತ್ರದವನು ಲೂಕನ ಪಠ್ಯದಲ್ಲಿ ಎಲ್ಲಿಯೂ ಇಲ್ಲ.

ಈ ವ್ಯಾಖ್ಯಾನವನ್ನು ಒಪ್ಪುವುದಾದರೆ ಪ್ರಶ್ನೆ ಇನ್ನಷ್ಟು ಹತ್ತಿರ ಬರುತ್ತದೆ. ಕ್ರೂರನನ್ನು ದೂಷಿಸಿ ನಾವು ಪಾರಾಗುವಂತಿಲ್ಲ. ಅಲ್ಲಿದ್ದದ್ದು ನಮ್ಮಂಥವರದೇ ಮನೆ: ನೆಂಟರಿಂದ ತುಂಬಿದ್ದು, ಬೆಚ್ಚಗಿದ್ದು, ಇನ್ನು ಜಾಗವಿಲ್ಲ ಎನ್ನಲು ಸಕಾರಣವಿದ್ದ ಮನೆ. ಆದರೂ ಗೋದಲಿಯನ್ನು ಬರಿದುಮಾಡಿ ಒಂದು ಮಗುವಿಗೆ ಸ್ಥಳ ಮಾಡಲಾಯಿತು. ಸುವಾರ್ತೆ ನಮ್ಮಿಂದ ಕೇಳುವುದು ಬೆಂಕಿಯನ್ನು ಆರಿಸಿರೆಂದಲ್ಲ, ಇನ್ನೊಬ್ಬರಿಗಾಗಿ ಸರಿದು ಕೂರಿರೆಂದು. ವಾಕ್ಯವು ನಮ್ಮ ನಡುವೆ ವಾಸಮಾಡಿತು ಎನ್ನುವಲ್ಲಿ ಯೋಹಾನನು ಬಳಸಿದ ಕ್ರಿಯಾಪದಕ್ಕೆ ಗುಡಾರ ಹಾಕಿತು ಎಂಬ ಅರ್ಥವಿದೆ. ಗುಡಾರವೂ ಮನೆಯೇ, ಆದರೆ ಅದರ ಗೋಡೆ ಬಟ್ಟೆಯದು. ಹೊರಗಿನವನ ಕೆಮ್ಮು ಒಳಗೆ ಕೇಳಿಸುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಮೂರು ಕಥೆಗಳೂ ಕ್ರಿಸ್ಮಸ್ ಓದಿಗೆ ಯೋಗ್ಯವೇ, ಆದರೆ ಪೂರ್ತಿಯಾಗಿ ಓದಿದರೆ ಮಾತ್ರ. ಡಿಕನ್ಸನನ್ನು ಓದುವವರು ಆ ಇಬ್ಬರು ಮಕ್ಕಳನ್ನು ಬಿಡದೆ ಓದಲಿ. ಆಂಡರ್ಸನನ ಕೊನೆಯ ವಾಕ್ಯಕ್ಕೆ ಆತುರಪಡದೆ ಆ ಬೆಳಗಿನ ಗುಂಪಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಟಾಲ್‌ಸ್ಟಾಯನ ಕಥೆಯ ಪಕ್ಕದಲ್ಲಿ ಮತ್ತಾಯನ ಅಧ್ಯಾಯವನ್ನು ತೆರೆದಿಟ್ಟುಕೊಳ್ಳಲಿ. ಗಟ್ಟಿಯಾಗಿ ಓದುವ ಹಳೆಯ ರೂಢಿಯನ್ನೂ ನಾವು ಎತ್ತಿಕೊಳ್ಳಬಹುದು. ರಜೆಗೆ ಊರಿಗೆ ಹೋಗಲಾರದ ವಿದ್ಯಾರ್ಥಿನಿಲಯದ ಹುಡುಗನಿಗೆ, ಕಣ್ಣು ಮಂಜಾದ ಒಂಟಿ ಅಜ್ಜಿಗೆ, ಆಸ್ಪತ್ರೆಯ ಹಾಸಿಗೆಯ ಬಳಿ ರಾತ್ರಿ ಕಾಯುವವರಿಗೆ ಈ ಕಥೆಗಳಲ್ಲಿ ಒಂದನ್ನು ಓದಿಹೇಳುವುದು ಸಭಾಪಾಲನೆಯ ಕೆಲಸವೇ.

ನಮ್ಮಲ್ಲಿ ಹಿಮವಿಲ್ಲ, ಹೊರಗೆ ನಿಂತವರು ಇದ್ದಾರೆ. ಡಿಸೆಂಬರ್ 24ರ ರಾತ್ರಿಯ ಆರಾಧನೆಯ ಹೊತ್ತಿಗೆ ಗೇಟಿನಲ್ಲಿ ಕಾವಲುಗಾರನಿರುತ್ತಾನೆ, ಜನರೇಟರಿನ ಬಳಿ ಒಬ್ಬ ಹುಡುಗನಿರುತ್ತಾನೆ, ಎಲ್ಲರೂ ಹೋದ ಮೇಲೆ ಅಂಗಳ ಗುಡಿಸಲು ಕಾದಿರುವ ಹೆಂಗಸಿರುತ್ತಾಳೆ. ಪ್ರಸಂಗಕ್ಕಾಗಿ ಸ್ಕ್ರೂಜನ ಕಥೆಯನ್ನು ಆರಿಸಿಕೊಂಡಿರುವ ಯುವ ಸಭಾಪಾಲಕರು ವೇದಿಕೆ ಏರುವ ಮೊದಲು ಅವರ ಹೆಸರುಗಳನ್ನು ಕೇಳಿ ತಿಳಿದುಕೊಂಡಿರಲಿ ಎಂದು ನಾವು ವಿನಂತಿಸುತ್ತೇವೆ.